ಓದುಗರ ಪ್ರಶ್ನೆ: ಮನೆ ಕೊಳ್ಳಲು ನಮ್ಮದೇ ಏಜೆಂಟ್ ಬೇಕೇನ್ರಿ?

ಪ್ರಶ್ನೆ: ಸೇಡಂ ರಸ್ತೆ ಕಡಿ ಒಂದು ಹಳೇ ಮನಿ ನೋಡೀವಿ. 48 ಲಕ್ಷ ಹೇಳ್ಯಾರ. ಮನಿ ತೋರಿಸಿದ ಏಜೆಂಟ್ ಇಬ್ಬರ ಕಡಿಂದನೂ ಎರಡೆರಡು ಪರ್ಸೆಂಟ್ ತಗೋತಾನಂತ. 'ನಾ ನಿಮ್ಮ ಕಡಿಯವನೇ ರೀ' ಅಂತಾನ. ನಾವು ಬ್ಯಾರೆ ಏಜೆಂಟ್ ಇಟ್ಕೋಬೇಕೇನ್ರಿ?
– ಶಿಕ್ಷಕಿ, ಕಲಬುರಗಿ

ಉತ್ತರ: ಮನೆ ಸಿಕ್ಕಾಗಿದೆ ಎಂದ ಮೇಲೆ ಇನ್ನೊಬ್ಬ ಏಜೆಂಟ್ ಬೇಡ. ಆ ದುಡ್ಡನ್ನು ಒಬ್ಬ ಸಿವಿಲ್ ವಕೀಲರಿಗೂ ಒಬ್ಬ ಎಂಜಿನಿಯರ್‌ಗೂ ಕೊಡಿ. ಇವರಿಬ್ಬರಿಗೆ ವ್ಯವಹಾರ ಮುರಿದುಬಿದ್ದರೂ ಫೀಸು ಸಿಗುತ್ತದೆ. ಹಾಗಾಗಿ 'ಈ ಮನೆ ಬೇಡ ಬಿಡ್ರಿ' ಎನ್ನಲು ಅವರಿಗೆ ಅಡ್ಡಿಯಿಲ್ಲ. ಏಜೆಂಟನಿಗೆ ಖರೀದಿ ಆದರಷ್ಟೇ ಕಮಿಷನ್.

ಲೆಕ್ಕ ನೋಡಿ. 48 ಲಕ್ಷಕ್ಕೆ ಎರಡು ಪರ್ಸೆಂಟ್ ಎಂದರೆ ನಿಮ್ಮಿಂದ 96,000, ಮಾರುವವರಿಂದ ಇನ್ನೊಂದು 96,000. ಚೌಕಾಸಿ ಮಾಡಿ ಎರಡು ಲಕ್ಷ ಇಳಿಸಿಕೊಟ್ಟರೆ ನಿಮಗೆ ಎರಡು ಲಕ್ಷ ಉಳಿತಾಯ, ಅವನಿಗೆ ಎರಡೂ ಕಡೆ ಸೇರಿ 8,000 ನಷ್ಟ. ಮನುಷ್ಯ ಎಷ್ಟೇ ಒಳ್ಳೆಯವನಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಅದಕ್ಕೇ ಪರ್ಸೆಂಟ್ ಮಾತು ಬಿಟ್ಟು, ಇಂತಿಷ್ಟು ರೂಪಾಯಿ ಎಂದು ಗುತ್ತಾಗಿ ನಿಗದಿ ಮಾಡಿ. ಖರೀದಿ ಪತ್ರ ನೋಂದಣಿಯಾದ ದಿನ ಪೂರ್ತಿ ಕೊಡುತ್ತೇವೆ, ಅದಕ್ಕೆ ಮೊದಲು ಏನೂ ಇಲ್ಲ ಎಂದು ಬರೆದುಕೊಳ್ಳಿ.

ಬಯಾನಾ (ಮುಂಗಡ) ದುಡ್ಡು ಯಾವ ಕಾರಣಕ್ಕೂ ಏಜೆಂಟನ ಕೈಗೆ ಹೋಗಬಾರದು. ಚೆಕ್ ಅಥವಾ ಆರ್‌ಟಿಜಿಎಸ್ ಮೂಲಕ ಮಾರುವವರ ಖಾತೆಗೇ ಹಾಕಿ. ದಾಖಲೆಗಳಲ್ಲಿ ದೋಷ ಕಂಡರೆ ಇಷ್ಟು ದಿನದಲ್ಲಿ ಬಯಾನಾ ವಾಪಸ್ ಎಂಬ ಷರತ್ತು ಕರಾರಿನಲ್ಲಿ ಇರಲೇಬೇಕು. ಹೆಚ್ಚಿನವರ ದುಡ್ಡು ಸಿಕ್ಕಿಬೀಳುವುದು ಈ ಒಂದು ಸಾಲು ಬರೆಸದೇ ಇದ್ದದ್ದರಿಂದ.

ಪ್ರಶ್ನೆ: ಏಜೆಂಟ್ ಇಸಿ ತೆಗೆಸಿ ಕೊಟ್ಟಾನ, ಎಲ್ಲಾ ಕ್ಲಿಯರ್ ಅದ ಅಂತಾನ. ಮತ್ತ ವಕೀಲರು ನೋಡೋದು ಏನದ?
– ಓದುಗರು, ಶಹಾಬಾದ್

ಉತ್ತರ: ಬಹಳ ಅದ. ಇಸಿ, ಅಂದರೆ ಋಣಭಾರ ಪತ್ರ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದದ್ದನ್ನು ಮಾತ್ರ ತೋರಿಸುತ್ತದೆ. ಬಾಯಿಮಾತಿನ ವಾಟ್ನಿ (ಆಸ್ತಿ ಪಾಲು), ನೋಂದಣಿ ಆಗದ ಮಾರಾಟದ ಕರಾರು, ಮುಸ್ಲಿಂ ಕುಟುಂಬಗಳಲ್ಲಿ ಬಾಯಿಮಾತಿನಲ್ಲೇ ಆಗುವ ಹಿಬಾ (ದಾನ) ಇವು ಅದರಲ್ಲಿ ಕಾಣುವುದಿಲ್ಲ. ಮೂಲ ಪತ್ರ ಒತ್ತೆಯಿಟ್ಟು ಪಡೆದ ಸಾಲವೂ ನೋಂದಣಿ ಆಗಿರದಿದ್ದರೆ ಬರುವುದಿಲ್ಲ. ನ್ಯಾಯಾಲಯದಲ್ಲಿ ಬಾಕಿ ಇರುವ ದಾವೆಯನ್ನೂ ಇಸಿ ನೋಡಿ ಹೇಳಲಾಗದು.

ಏಜೆಂಟರು ಕೊಡುವ ಇಸಿ ಬಹುತೇಕ 2004ರಿಂದ ಈಚಿನದು, ಕಂಪ್ಯೂಟರಿನಲ್ಲಿ ಬೇಗ ಸಿಗುವುದು ಅಷ್ಟೇ. ಅದಕ್ಕೂ ಹಿಂದಿನದನ್ನು ಅರ್ಜಿ ಹಾಕಿ ತೆಗೆಸಿ, ಒಟ್ಟು 30 ವರ್ಷದ್ದನ್ನಾದರೂ ನೋಡಬೇಕು. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಹಳೇ ಓಣಿಗಳ ಮೂಲ ಪತ್ರ ಉರ್ದುವಿನಲ್ಲಿದ್ದರೆ ಅನುವಾದ ಮಾಡಿಸದೆ ಮುಂದೆ ಹೋಗಬೇಡಿ. ಜಮೀನು ಹಿಂದೆ ಇನಾಮಿನದೋ, ವಕ್ಫ್‌ನದೋ, ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ್ದೋ ಎಂಬುದು ಹಳೇ ಪಹಣಿ ಮತ್ತು ಮುಟೇಶನ್‌ಗಳಲ್ಲಿ ತಿಳಿಯುತ್ತದೆ. ಪರಿಶಿಷ್ಟರ ಮಂಜೂರಾತಿ ಜಮೀನನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜಗಳ ಬರುವುದು ಹೆಣ್ಣುಮಕ್ಕಳ ಸಹಿ ಬಿಟ್ಟಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. 'ತಂಗಿಗಳ ಮದುವೆಯಾಗಿ ಪಾಲು ಮುಗದದ ರೀ' ಎಂಬ ಮಾತು ಕೋರ್ಟಿನಲ್ಲಿ ನಡೆಯದು. ವಂಶವೃಕ್ಷ ತರಿಸಿ, ಅದರಲ್ಲಿರುವ ಒಬ್ಬೊಬ್ಬರ ಹೆಸರಿಗೂ ಖರೀದಿ ಪತ್ರದಲ್ಲಿ ಸಹಿ ಇದೆಯೇ, ಇಲ್ಲದಿದ್ದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇದೆಯೇ ಎಂದು ತಾಳೆ ನೋಡಿ. ಮಾರುವವರ ಹೆಸರಿನಲ್ಲಿ ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲಾ ನ್ಯಾಯಾಲಯ, ಹೈಕೋರ್ಟಿನ ಕಲಬುರಗಿ ಪೀಠ ಎರಡರಲ್ಲೂ ಹುಡುಕಿಸಿ. ಸ್ಥಳೀಯ ಪತ್ರಿಕೆಯಲ್ಲಿ ಆಕ್ಷೇಪಣೆಗೆ ಸಾರ್ವಜನಿಕ ಪ್ರಕಟಣೆ ಕೊಡಿಸಿ. ಮಾರುವವರು ಪ್ರಕಟಣೆ ಬೇಡ ಎಂದು ಹಟ ಹಿಡಿದರೆ ಅಲ್ಲಿಗೇ ನಿಲ್ಲುವುದು ಒಳ್ಳೆಯದು.

ಇ-ಖಾತಾ ಇದೆ ಎಂದಮೇಲೆ ಮಾಲಿಕತ್ವ ಪಕ್ಕಾ ಎಂದೂ ತಿಳಿಯಬೇಡಿ. ನೋಂದಣಿಗೆ ಅದು ಬೇಕೇ ಬೇಕು, ಸರಿ. ಆದರೆ ಅದು ತೆರಿಗೆಯ ದಾಖಲೆ.

ಪ್ರಶ್ನೆ: ಅಮೆರಿಕದಾಗಿರೋ ಮಗ, ಅಲ್ಲಿ ಕೊಳ್ಳೋರು ತಮ್ಮದೇ ಏಜೆಂಟ್ ಇಟ್ಕೋತಾರ, ನೀವೂ ಇಟ್ಕೋರಿ ಅಂತಾನ. ಇಲ್ಲಿ ಹಂಗ ಆಗ್ತದೇನು?
– ನಿವೃತ್ತ ನೌಕರರು, ಯಾದಗಿರಿ

ಉತ್ತರ: ಮಗನ ಮಾತು ಅಲ್ಲಿಗೆ ಸರಿ. ಅಲ್ಲಿ ಮಾರುವವರ ಏಜೆಂಟ್ ಬೇರೆ, ಕೊಳ್ಳುವವರ ಏಜೆಂಟ್ ಬೇರೆ. ಬಹುಕಾಲ ಇಬ್ಬರ ಕಮಿಷನ್ನೂ ಮಾರುವವರ ದುಡ್ಡಿನಿಂದಲೇ ಹೋಗುತ್ತಿತ್ತು. ಅದರ ಮೇಲೆ ದಾವೆ ನಡೆದು, 2024ರ ಆಗಸ್ಟ್ 17ರಿಂದ ನಿಯಮ ಬದಲಾಯಿತು. ಈಗ ಏಜೆಂಟರ ಸಂಘದ ಸದಸ್ಯನಾದವನು ಮನೆ ತೋರಿಸುವ ಮುನ್ನವೇ ಕೊಳ್ಳುವವರ ಜೊತೆ ಫೀಸಿನ ಲಿಖಿತ ಕರಾರು ಮಾಡಿಕೊಳ್ಳಬೇಕು. ಜೊತೆಗೆ ಅಲ್ಲಿ ಮಾಲಿಕತ್ವ ತಪಾಸಣೆಗೆ ಬೇರೆಯೇ ಕಂಪನಿಗಳಿವೆ, ಅದಕ್ಕೆ ವಿಮೆಯೂ ಇದೆ.

ನಮ್ಮಲ್ಲಿ ಉಪನೋಂದಣಾಧಿಕಾರಿ ಪತ್ರ ನೋಂದಾಯಿಸುತ್ತಾರೆ, ಮಾರುವವರು ನಿಜ ಮಾಲಿಕರು ಎಂಬ ಹೊಣೆ ಹೊರುವುದಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಕೊಳ್ಳುವವರದೇ. ಏಜೆಂಟ್ ಎಷ್ಟು ಓಡಾಡಿದರೂ ಆ ಕೆಲಸ ಅವನಿಂದ ಆಗದು. ನೀವು ಬೇರೆ ಊರಿನಲ್ಲಿದ್ದು, ವಾರವಾರ ಕಲಬುರಗಿಗೆ ಬಂದು ಮನೆ ಹುಡುಕಲಾಗದಿದ್ದರೆ ಮಾತ್ರ ಸ್ವಂತ ಏಜೆಂಟ್ ಇಟ್ಟುಕೊಳ್ಳಿ. ಮಾರುವವರಿಂದ ಬಿಡಿಗಾಸೂ ಪಡೆಯುವುದಿಲ್ಲ, ಪಡೆದರೆ ನಮ್ಮ ಫೀಸು ಇಲ್ಲ ಎಂದು ಬರೆಸಿ. ಕರಾರಿಗೆ ಮೂರು ತಿಂಗಳ ಅವಧಿ ಸಾಕು.

ಪ್ರಶ್ನೆ: ಹೊಸ ಲೇಔಟ್‌ನಾಗ ಪ್ಲಾಟ್. ಎನ್‌ಎ ಆಗ್ಯಾದ, ರೇರಾ ನಂಬರ್ ಮುಂದ ಬರ್ತದ, ಈಗ ಬುಕಿಂಗ್ ಮಾಡ್ರಿ ಅಂತ ಏಜೆಂಟ್ ಗಂಟುಬಿದ್ದಾನ.
– ಓದುಗರು, ಬೀದರ್

ಉತ್ತರ: ಮಾಡಬೇಡಿ. 500 ಚದರ ಮೀಟರ್ ಮೀರಿದ ಜಾಗದ ಲೇಔಟ್‌ಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗುವ ಮೊದಲು ಜಾಹೀರಾತು, ಬುಕಿಂಗ್ ಎರಡೂ ಕಾನೂನುಬಾಹಿರ. ಇಂಥ ಯೋಜನೆಗಳಲ್ಲಿ ಪ್ಲಾಟ್ ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿರಬೇಕು. ಕರ್ನಾಟಕ ರೇರಾ ಸಂಖ್ಯೆಯ ನಡುವೆ 'ಪಿಆರ್' ಅಕ್ಷರಗಳಿದ್ದರೆ ಅದು ಯೋಜನೆಯದು, 'ಎಜಿ' ಇದ್ದರೆ ಏಜೆಂಟನದು. ಏಜೆಂಟನ ಸಂಖ್ಯೆಯನ್ನೇ ಲೇಔಟ್‌ನ ಸಂಖ್ಯೆ ಎಂದು ತೋರಿಸಿದರೆ ಮೋಸ ಹೋಗಬೇಡಿ. ನೋಂದಾಯಿತ ಯೋಜನೆಯಲ್ಲೂ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಹತ್ತು ಪರ್ಸೆಂಟ್‌ಗಿಂತ ಹೆಚ್ಚು ಕೇಳುವಂತಿಲ್ಲ.

ಎನ್‌ಎ ಆದೇಶ ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಟ್ಟದ್ದು, ಅಷ್ಟೇ. ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಬೇರೆ ಬೇಕು, ಮತ್ತೆ ಪ್ರಾಧಿಕಾರ ಬಿಡುಗಡೆ ಮಾಡಿದ ಸೈಟುಗಳ ಪಟ್ಟಿಯಲ್ಲಿ ನಿಮ್ಮ ಪ್ಲಾಟ್ ನಂಬರ್ ಇರಬೇಕು. 30x40 ಎನ್ನುವ ಬದಲು 'ಒಂದು ಗುಂಟಾ, ಒಂದೂವರೆ ಗುಂಟಾ' ಎಂದು ಮಾರುತ್ತಿದ್ದರೆ ಮಂಜೂರಾತಿ ಇಲ್ಲದ ಜಾಗವಿರುವ ಸಂಭವ ಹೆಚ್ಚು.

ಪ್ರಶ್ನೆ: ಗ್ವಾಡಿಗಿ ಬಿರುಕು ಅವ. ಏಜೆಂಟ್ ಪ್ಲಾಸ್ಟರ್ ಬಿರುಕು ಅಂತಾನ.
– ಓದುಗರು, ಚಿತ್ತಾಪುರ

ಉತ್ತರ: ನೋಡಿದರೆ ಗೊತ್ತಾಗುತ್ತದೆ. ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಪ್ಲಾಸ್ಟರಿನದೇ. ಕಿಟಕಿ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದು, ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋದರೆ ಬುನಾದಿ ಅಲುಗಿದೆ ಎಂದು ಅನುಮಾನಪಡಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಎರೆಯ ಮೇಲೆ ಕಡಿಮೆ ಆಳದ ಬುನಾದಿ ಹಾಕಿದ ಮನೆ ಪ್ರತಿ ವರ್ಷ ಏರಿಳಿಯುತ್ತದೆ. ಮಳೆಗಾಲದಲ್ಲಿ ಇಂಥ ಬಿರುಕು ಮುಚ್ಚಿಕೊಂಡಂತೆ ಕಾಣುವುದರಿಂದ ಏಪ್ರಿಲ್–ಮೇ ತಿಂಗಳಲ್ಲೇ ಮನೆ ನೋಡಿ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ. ಎಲ್ಲಾ ಬಾಗಿಲು ತೆರೆದು ಮುಚ್ಚಿ ನೋಡಿ, ಚೌಕಟ್ಟು ಸೊಟ್ಟಗಾಗಿದ್ದರೆ ಅಗುಳಿ ಕೂಡುವುದಿಲ್ಲ. ಎಂಜಿನಿಯರರಿಂದ ಬುನಾದಿ ಪಕ್ಕ ಒಂದು ಕಡೆ ಅಗೆಸಿ, ಎಷ್ಟು ಆಳಕ್ಕೆ ಹೋಗಿದೆ, ಎರೆ ದಾಟಿ ಗಟ್ಟಿ ಮೊರಂ ಮುಟ್ಟಿದೆಯೇ ಎಂದು ನೋಡಿಸಿ. ಇದನ್ನು ಬಯಾನಾ ಕೊಡುವ ಮೊದಲೇ ಮಾಡಿಸಿ, ಅಗೆದ ಜಾಗವನ್ನು ಅದೇ ದಿನ ಮುಚ್ಚಿಸಿ ಕೊಡಿ.

ಪ್ರಶ್ನೆ: ನೋಂದಣಿ ಖರ್ಚು ಕಡಿಮಿ ಬರಲಿ ಅಂತ ರೇಟ್ ಕಮ್ಮಿ ತೋರಿಸೋಣ ಅಂತಾನ ಏಜೆಂಟ್.
– ಓದುಗರು, ಜೇವರ್ಗಿ

ಉತ್ತರ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಎರಡು ಪರ್ಸೆಂಟ್ ಆಗಿದೆ. ಐದು ಪರ್ಸೆಂಟ್ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 7.6 ಪರ್ಸೆಂಟ್. 48 ಲಕ್ಷಕ್ಕೆ 3,64,800 ರೂಪಾಯಿ. ಸರಕಾರದ ಮಾರ್ಗಸೂಚಿ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಪತ್ರದಲ್ಲಿ ಬರೆಯದ ದುಡ್ಡಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ. ನಾಳೆ ವ್ಯಾಜ್ಯವಾದರೆ ಅದನ್ನು ಕೊಟ್ಟಿದ್ದೀರೆಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಒಂದು ಪರ್ಸೆಂಟ್ ಆದಾಯ ತೆರಿಗೆ (ಟಿಡಿಎಸ್) ಹಿಡಿದು ಕಟ್ಟುವ ಹೊಣೆ ನಿಮ್ಮದು, ಏಜೆಂಟನದಲ್ಲ.