ವಯಸ್ಸಿಗೆ ನೂರು ಕೂಡಿಸುವ ಲೆಕ್ಕ ಬಿಟ್ಟುಬಿಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಹಿರಿಯರ ಹೃದಯ, ರಕ್ತನಾಳ, ಮರೆವು

ಕಲಬುರಗಿ, ಬೀದರ್, ಯಾದಗಿರಿಯಿಂದ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ, ಒಬ್ಬರದ್ದನ್ನು ಇನ್ನೊಬ್ಬರು ನೋಡಿ ಬರೆದ ಹಾಗಿದೆ. ಊರು ಬೇರೆ, ಅಪ್ಪನ ವಯಸ್ಸು ಬೇರೆ, ಪ್ರಶ್ನೆ ಮಾತ್ರ ಅದೇ: ವಯಸ್ಸಾದವರ ಬಿಪಿ ಹೆಚ್ಚಿದ್ದರೆ ಮಾತ್ರೆ ಬೇಕಾ? ಹಿಂದೆ ಎರಡು ಸಲ ಉತ್ತರ ಬರೆದಿದ್ದೇನೆ. ಯಾರೂ ಓದಿಲ್ಲ ಅಂತ ಕಾಣುತ್ತದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಬಿಪಿ ಅಂದರೇನು, ಶುಗರ್ ಅಂದರೇನು ಅಂತ ಮೊದಲಿನಿಂದ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 73 ವರ್ಷ. ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡಿದವರು. ಮೇಲಿನ ಬಿಪಿ 165–170 ಇರುತ್ತದೆ. "ವಯಸ್ಸಿಗೆ ನೂರು ಕೂಡಿಸಿ, 173ರ ತನಕ ನಡೀತದ" ಅಂತ ಊರಿನ ಡಾಕ್ಟರು ಹೇಳಿದ್ದಾರೆ. ಒಂದು ವರ್ಷದಿಂದ ಲೆಕ್ಕ ತಪ್ಪುತ್ತಾರೆ, ನಡಿಗೆ ನಿಧಾನವಾಗಿದೆ. ಬಿಪಿ ಇಳಿಸಿದರೆ ಮೆದುಳಿಗೆ ರಕ್ತ ಹೋಗುವುದಿಲ್ಲ, ಮರೆವು ಹೆಚ್ಚುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಮಾತ್ರೆ ಶುರು ಮಾಡಬೇಕಾ? (ಶಹಾಪುರದ ಓದುಗರು)

ಮಾಡಬೇಕು. ಒಂದು ವರ್ಷ ಸುಮ್ನೆ ಹೋಯಿತಲ್ಲ ಅನ್ನುವುದೇ ನನ್ನ ಸಿಟ್ಟು.

ಈ ನೂರು ಕೂಡಿಸುವ ಲೆಕ್ಕ ನಿಮ್ಮ ಡಾಕ್ಟರು ಹುಟ್ಟಿಸಿದ್ದಲ್ಲ. ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗುತ್ತದೆ, ಗಟ್ಟಿ ನಾಳದಲ್ಲಿ ರಕ್ತ ದೂಡಲು ಹೆಚ್ಚು ಒತ್ತಡ ಬೇಕೇ ಬೇಕು ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೂ ನಂಬಿದ್ದರು. ಹೆಚ್ಚು ಬಿಪಿಗೆ ಇಂಗ್ಲಿಷಿನಲ್ಲಿ ಅಂಟಿಕೊಂಡ 'ಎಸೆನ್ಷಿಯಲ್' ಅನ್ನುವ ಹೆಸರೂ ಆ ನಂಬಿಕೆಗೆ ಜೊತೆಯಾಯಿತು. ಕಾರಣ ಗೊತ್ತಿಲ್ಲದ್ದು ಅನ್ನುವ ಅರ್ಥದ ಆ ಹೆಸರನ್ನು ಅಗತ್ಯವಾದದ್ದು ಅಂತ ಓದಿಕೊಂಡರು. ಆ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಿ ನೋಡಿದ್ದಾರೆ, ಅದು ಬಿದ್ದುಹೋಗಿದೆ. 1991ರಲ್ಲಿ ಮುಗಿದ 'ಶೆಪ್' ಅಧ್ಯಯನದಲ್ಲಿ 60 ದಾಟಿದ 4,736 ಜನ ಇದ್ದರು. ಎಲ್ಲರಿಗೂ ನಿಮ್ಮ ತಂದೆಯ ಹಾಗೆ ಮೇಲಿನ ಬಿಪಿ ಮಾತ್ರ ಹೆಚ್ಚು. ಮಾತ್ರೆ ತಗೊಂಡವರಲ್ಲಿ ಲಕ್ವಾ (ಪಾರ್ಶ್ವವಾಯು) ಶೇ 36ರಷ್ಟು ಕಡಿಮೆಯಾಯಿತು. ಎಂಬತ್ತು ದಾಟಿದವರಿಗೆ ಬೇಡವೇನೋ ಅಂದವರಿಗೆ 2008ರಲ್ಲಿ 'ಹೈವೆಟ್' ಉತ್ತರ ಕೊಟ್ಟಿತು. ಅದರಲ್ಲಿದ್ದ 3,845 ಜನರೂ 80 ದಾಟಿದವರೇ. ಮಾತ್ರೆ ತಗೊಂಡ ಗುಂಪಿನಲ್ಲಿ ಸಾವು ಶೇ 21ರಷ್ಟು ಕಡಿಮೆ. ಇನ್ನೊಂದು ಗುಂಪಿಗೆ ಮಾತ್ರೆ ಕೊಡದೆ ಇರುವುದು ಸರಿಯಲ್ಲ ಅಂತ ಅಧ್ಯಯನವನ್ನೇ ಅವಧಿಗೆ ಮುಂಚೆ ನಿಲ್ಲಿಸಿದರು.

ಈಗ ಮರೆವಿನ ವಿಷಯ. ಶಹಾಪುರದವರಿಗೆ ಇದನ್ನು ತಿಳಿಸುವುದು ಸುಲಭ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಮೊದಲು ಒಣಗುವುದು ಯಾರ ಹೊಲ? ಕೊನೆಯ ಭಾಗದವರದು. ಮೆದುಳಿನ ಒಳಗಡೆಯ ಬಿಳಿ ಭಾಗವೂ ಹಾಗೆ ಕಾಲುವೆಯ ಕೊನೆಯ ಹೊಲ. ಅಲ್ಲಿಗೆ ಹೋಗುವ ರಕ್ತನಾಳಗಳು ಕೂದಲಿನಷ್ಟು ಸಣ್ಣ. ವರ್ಷಗಟ್ಟಲೆ 170ರ ಒತ್ತಡ ಬಡಿದರೆ ಅವುಗಳ ಗೋಡೆ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಕೆಲವು ಪೂರ್ತಿ ಮುಚ್ಚಿಹೋಗುತ್ತವೆ. ಅಂದರೆ ರಕ್ತ ಹೋಗದ ಹಾಗೆ ಮಾಡುತ್ತಿರುವುದು ಬಿಪಿಯೇ, ಮಾತ್ರೆ ಅಲ್ಲ. ವಾಟ್ಸಾಪ್ ಹೇಳಿದ್ದು ತಲೆಕೆಳಗು.

ಇದು ಕೈಕಾಲು ಬೀಳುವ ದೊಡ್ಡ ಲಕ್ವಾ ಅಲ್ಲ, ಆದ್ದರಿಂದ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಮೊಮ್ಮಕ್ಕಳ ಹೆಸರು ನೆನಪಿರುತ್ತದೆ, ಹಳೆಯ ಕತೆ ಎಲ್ಲ ನೆನಪಿರುತ್ತದೆ. ಆದರೆ ಅಡತ್ ಅಂಗಡಿಯಲ್ಲಿ ನಲವತ್ತು ವರ್ಷ ಬಾಯಲ್ಲೇ ಲೆಕ್ಕ ಮಾಡಿದವರು ಹತ್ತು ಚೀಲದ ತೂಕ ಕೂಡಿಸಲು ತಡಕಾಡುತ್ತಾರೆ. ಕಾಲು ಎತ್ತಿ ಇಡುವ ಬದಲು ಎಳೆದು ಇಡುತ್ತಾರೆ. ಮೂತ್ರ ಬಂತು ಅನ್ನುವಷ್ಟರಲ್ಲಿ ಬಟ್ಟೆ ಒದ್ದೆ. ಮನೆಯವರು ಏನಂತಾರೆ? ಅರವತ್ತಕ್ಕೆ ಅರಳು ಮರಳು! ಈ ಗಾದೆ ಮಾಡಿದಷ್ಟು ಹಾನಿಯನ್ನು ನಾಟಿ ವೈದ್ಯರೂ ಮಾಡಿಲ್ಲ. ನಮ್ಮ ದೇಶದಲ್ಲೇ ನಡೆದ ಲಾಸಿ-ಡ್ಯಾಡ್ ಸಮೀಕ್ಷೆ ಪ್ರಕಾರ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರು ಶೇ 7.4. ಅಂದರೆ ನೂರರಲ್ಲಿ 92ಕ್ಕೂ ಜಾಸ್ತಿ ಜನಕ್ಕೆ ಇಲ್ಲ. ಅದು ವಯಸ್ಸಾದರೆ ತಾನಾಗೇ ಬರುವಂಥದ್ದಾಗಿದ್ದರೆ ಎಲ್ಲರಿಗೂ ಬರಬೇಕಿತ್ತು, ಅಲ್ವಾ?

ಬಿಪಿ ಇಳಿಸಿದರೆ ಮರೆವು ತಡೆಯಬಹುದಾ ಅನ್ನುವುದಕ್ಕೂ ಈಗ ಉತ್ತರ ಇದೆ. 2019ರಲ್ಲಿ ಬಂದ 'ಸ್ಪ್ರಿಂಟ್ ಮೈಂಡ್' ಫಲಿತಾಂಶದಲ್ಲಿ, ಮೇಲಿನ ಬಿಪಿಯನ್ನು 120ರ ಕೆಳಗೆ ಇಳಿಸುವ ಗುರಿ ಇದ್ದ ಗುಂಪಿನಲ್ಲಿ ಸೌಮ್ಯ ಮರೆವು ಶೇ 19ರಷ್ಟು ಕಡಿಮೆ ಕಂಡಿತು. ಇನ್ನೊಂದು ಗುಂಪಿನ ಗುರಿ 140. ಪೂರ್ಣ ಡಿಮೆನ್ಷಿಯಾ ಕೂಡ ಕಡಿಮೆ ಕಂಡಿತು, ಆದರೆ ಖಚಿತ ಅನ್ನುವಷ್ಟು ಅಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು 2025ರಲ್ಲಿ ಚೀನಾದಿಂದ ಬಂದದ್ದು. 326 ಹಳ್ಳಿ, ಸುಮಾರು 34 ಸಾವಿರ ಜನ. ಮಾತ್ರೆ ಹೊಂದಿಸಿದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ತರಬೇತಿ ಪಡೆದ ಹಳ್ಳಿ ಆರೋಗ್ಯ ಕಾರ್ಯಕರ್ತರು. ಮೇಲೆ ಒಬ್ಬ ಡಾಕ್ಟರ ಉಸ್ತುವಾರಿ, ಮನೆಯಲ್ಲಿ ಬಿಪಿ ನೋಡುವ ಮಷಿನ್, ಅಗ್ಗದ ಮಾತ್ರೆ, ಇಷ್ಟೇ. ನಾಲ್ಕು ವರ್ಷಕ್ಕೆ ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತು. ಇದರಲ್ಲಿ ನಮ್ಮ ಸುರಪುರ, ಜೇವರ್ಗಿ, ಔರಾದ್ ಕಡೆ ಮಾಡಲಾಗದ್ದು ಏನಿದೆ ಹೇಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಹೋಗಿ ತರಬೇಕು, ಅಷ್ಟೇ.

ಇಷ್ಟು ಓದಿ ಉತ್ಸಾಹದಲ್ಲಿ ನಾಳೆಯೇ 120ಕ್ಕೆ ಇಳಿಸಲು ಹೊರಡಬೇಡಿ. ಈ ತಪ್ಪು ನಾನೇ ಮಾಡಿದ್ದೇನೆ. ಬಹಳ ವರ್ಷದ ಹಿಂದೆ ಹುಮನಾಬಾದ್ ಕಡೆಯ ಅಜ್ಜಿಯೊಬ್ಬರ ಬಿಪಿಯನ್ನು ಎರಡೇ ವಾರದಲ್ಲಿ 180ರಿಂದ 118ಕ್ಕೆ ತಂದೆ. ಚೀಟಿ ನೋಡಿ ಖುಷಿಪಟ್ಟವನೂ ನಾನೇ. ಅಜ್ಜಿ ನಸುಕಿನಲ್ಲಿ ಬಚ್ಚಲಿಗೆ ಎದ್ದು ಹೋಗುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ತೊಡೆಯ ಮೂಳೆ ಮುರಿಯಿತು. ಕೂತಾಗ ಮಾತ್ರ ಬಿಪಿ ನೋಡಿದ್ದೆ, ನಿಲ್ಲಿಸಿ ನೋಡಿರಲಿಲ್ಲ. ಅವತ್ತಿನಿಂದ 70 ದಾಟಿದ ಯಾರನ್ನೂ ನಿಲ್ಲಿಸಿ ನೋಡದೆ ಮಾತ್ರೆ ಹೆಚ್ಚಿಸಿಲ್ಲ. ಎದ್ದು ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಬೇಕು. ಮೇಲಿನ ಬಿಪಿ 20ರಷ್ಟು ಕುಸಿದರೆ ಮಾತ್ರೆ ಹೆಚ್ಚಿಸುವುದನ್ನು ಅಲ್ಲೇ ನಿಲ್ಲಿಸಬೇಕು. ಸ್ಪ್ರಿಂಟ್ ಅಧ್ಯಯನದಲ್ಲಿ ಶುಗರ್ ಇದ್ದವರನ್ನೂ ಮೊದಲೇ ಲಕ್ವಾ ಆದವರನ್ನೂ ಸೇರಿಸಿರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಅಲ್ಲಿ ಬಿಪಿ ನೋಡುವ ರೀತಿಯೂ ಬೇರೆ, ಐದು ನಿಮಿಷ ಸುಮ್ಮನೆ ಕೂರಿಸಿ ಮಷಿನ್‌ನಲ್ಲಿ ನೋಡುತ್ತಿದ್ದರು. ನಮ್ಮಲ್ಲಿ ಬಸ್ ಇಳಿದು, ಮೆಟ್ಟಿಲು ಹತ್ತಿ, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ತೋಳು ಚಾಚುತ್ತಾರೆ. ಆ ಬಿಪಿಯನ್ನು ನಾನು ಬರೆದುಕೊಳ್ಳುವುದೂ ಇಲ್ಲ.

ನಿಮ್ಮ ತಂದೆಗೆ ನಾನಾಗಿದ್ದರೆ ಸಣ್ಣ ಡೋಸಿನಿಂದ ಶುರು ಮಾಡಿ, ಎರಡು ಮೂರು ತಿಂಗಳಲ್ಲಿ ಮೊದಲು 140ರ ಕೆಳಗೆ ತರುತ್ತಿದ್ದೆ. ತಲೆ ಸುತ್ತು ಇಲ್ಲ, ನಿಂತಾಗಲೂ ಸರಿ ಇದೆ ಅಂದರೆ ಆಮೇಲೆ 130. ಇನ್ನೊಂದು ಮಾತು, ಇದು ನಮ್ಮ ಕಡೆಯದೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ಗೊತ್ತಲ್ಲ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಗೊಳ್ಳುವ ಹಿರಿಯರಿಗೆ ಆಗ ಸೋಡಿಯಂ ಇಳಿಯಬಹುದು. ಎರಡೇ ದಿನದಲ್ಲಿ ಮಾತು ತಪ್ಪುತ್ತದೆ, ಯಾರನ್ನೋ ಯಾರೋ ಅಂತಾರೆ. ಅದು ಮರೆವಿನ ರೋಗ ಅಲ್ಲ. ವರ್ಷಗಟ್ಟಲೆ ಬಂದದ್ದು ಒಂದು, ಎರಡು ದಿನದಲ್ಲಿ ಬಂದದ್ದು ಇನ್ನೊಂದು. ಎರಡನೆಯದಕ್ಕೆ ಆವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರು ಬದಲಿಸುತ್ತಾರೆ.

ತಂದೆಗೆ ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ಒಂದು ಇಸಿಜಿ, ಒಂದು ತಲೆ ಸ್ಕ್ಯಾನ್ ಮಾಡಿಸಿ. ಇಸಿಜಿ ಯಾಕೆ ಅಂದರೆ ನಾಡಿ ಎರ್ರಾಬಿರ್ರಿ ಬಡಿಯುತ್ತಿದ್ದರೆ ಹೃದಯದಲ್ಲೇ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು, ಅದರ ಔಷಧಿಯೇ ಬೇರೆ. ಈಗಾಗಲೇ ಹೋದ ಲೆಕ್ಕ ವಾಪಸ್ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಇದು ಮೆಟ್ಟಿಲು ಇಳಿದ ಹಾಗೆ ಇಳಿಯುವ ಕಾಯಿಲೆ. ಮುಂದಿನ ಮೆಟ್ಟಿಲನ್ನು ದೂರ ಮಾಡಬಹುದು.

"ಒಮ್ಮೆ ಶುರು ಮಾಡಿದರೆ ಜೀವನ ಪೂರ್ತಿ ತಗೋಬೇಕಾಗುತ್ತದೆ" ಅಂತಲೂ ಬರೆದಿದ್ದೀರಿ. ಹೌದು. ರೊಟ್ಟಿಯನ್ನೂ ಜೀವನ ಪೂರ್ತಿ ತಿನ್ನುತ್ತೇವಲ್ಲ.

ಪ್ರಶ್ನೆ: ಸೈಂಧವ ಉಪ್ಪು ತಿಂದರೆ ಬಿಪಿ ಬರುವುದಿಲ್ಲವೇ? (ಭಾಲ್ಕಿ)

ಬರುತ್ತದೆ. ಬಣ್ಣ ಗುಲಾಬಿ, ಒಳಗಿರುವುದು ಹೆಚ್ಚುಕಡಿಮೆ ಅದೇ ಸೋಡಿಯಂ. ಜೋಳದ ರೊಟ್ಟಿಯನ್ನು ಬೈಯಬೇಡಿ, ಅದರಲ್ಲಿ ಉಪ್ಪಿಲ್ಲ. ಉಪ್ಪು ಇರುವುದು ಜೊತೆಗಿಟ್ಟ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿಯಲ್ಲಿ. ಉಪ್ಪು ಬದಲಿಸಲೇಬೇಕು ಅಂದರೆ ಪೊಟ್ಯಾಶಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿಗೆ ಪುರಾವೆ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನೋಡಿದ್ದಾರೆ. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಲಕ್ವಾ ಶೇ 14ರಷ್ಟು ಕಡಿಮೆ. ಕಿಡ್ನಿ ತೊಂದರೆ ಇದ್ದವರು, ಪೊಟ್ಯಾಶಿಯಂ ಹೆಚ್ಚಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಪ್ರಶ್ನೆ: ನನಗೆ 71. ಹೃದಯದ ತೊಂದರೆ ಏನೂ ಇಲ್ಲ. ಮುಂಜಾಗ್ರತೆಗೆ ದಿನಾ ಆಸ್ಪಿರಿನ್ ತಗೊಳ್ಳಲೇ? (ಸೇಡಂ)

ಬೇಡ. 2018ರ 'ಆಸ್ಪ್ರೀ' ಅಧ್ಯಯನದಲ್ಲಿ 19 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನೋಡಿಯಾಗಿದೆ. ಆಯುಷ್ಯವೂ ಹೆಚ್ಚಲಿಲ್ಲ, ಡಿಮೆನ್ಷಿಯಾವೂ ತಪ್ಪಲಿಲ್ಲ, ರಕ್ತಸ್ರಾವ ಹೆಚ್ಚಾಯಿತು. ಆದರೆ ಸ್ಟೆಂಟ್ ಹಾಕಿಸಿಕೊಂಡವರು, ಹಾರ್ಟ್ ಅಟ್ಯಾಕ್ ಅಥವಾ ಲಕ್ವಾ ಆದವರು ಇದನ್ನು ಓದಿ ಮಾತ್ರೆ ನಿಲ್ಲಿಸಿಬಿಟ್ಟೀರಿ, ಹುಷಾರು. ಈ ಮಾತು ನಿಮಗಲ್ಲ.

ಪ್ರಶ್ನೆ: ನೆನಪಿಗೆ ಗಿಂಕೋ ಮಾತ್ರೆ ಒಳ್ಳೆಯದಂತೆ? (ಕಲಬುರಗಿ)

ಮರದ ಎಲೆಯಿಂದ ತೆಗೆದ ಈ ಮಾತ್ರೆಯನ್ನು 3,069 ಹಿರಿಯರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ವರ್ಷಗಟ್ಟಲೆ ಕೊಟ್ಟು ನೋಡಿದರು, 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಷಿಯಾ ತಡೆಯಲಿಲ್ಲ. ಆ ದುಡ್ಡಲ್ಲಿ ಬಿಪಿ ಮಷಿನ್ ತನ್ನಿ.

ಪ್ರಶ್ನೆ: ಬೈಪಾಸ್ ಇಲ್ಲದೆ ಡ್ರಿಪ್ ಹಚ್ಚಿ ಬ್ಲಾಕೇಜ್ ಕರಗಿಸುತ್ತಾರಂತೆ, ನಲವತ್ತು ಬಾಟ್ಲಿ. ನಿಜವೇ? (ಬೀದರ್)

ಅದಕ್ಕೆ ಕೀಲೇಷನ್ ಅಂತಾರೆ, ರಕ್ತದಲ್ಲಿರುವ ಲೋಹವನ್ನು ಹಿಡಿದು ಹೊರಹಾಕುವ ಔಷಧಿ. ಶುಗರ್ ಇದ್ದು ಹಾರ್ಟ್ ಅಟ್ಯಾಕ್ ಆದ ಸಾವಿರ ಜನರಿಗೆ ಸರಿಯಾಗಿ ನಲವತ್ತು ಡ್ರಿಪ್ ಕೊಡುವ ಅಧ್ಯಯನವೇ ನಡೆದಿದೆ. 2024ರಲ್ಲಿ ಉತ್ತರ ಬಂತು. ರಕ್ತದ ಸೀಸ ಇಳಿಯಿತು, ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ. ಇಲ್ಲಿ ಕರಗುವುದು ನಿಮ್ಮ ಹೊಲ ಮಾರಿದ ದುಡ್ಡು.

ಪ್ರಶ್ನೆ: ಲಕ್ವಾ ಹೊಡೆದಾಗ ಪಾರಿವಾಳದ ರಕ್ತ ಹಚ್ಚಿದರೆ… (ಗುರುಮಠಕಲ್)

ಪ್ರಶ್ನೆ ಪೂರ್ತಿ ಓದಲಿಲ್ಲ. ನಾಳ ಮುಚ್ಚಿ ಆದ ಲಕ್ವಾ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ಸ್ಕ್ಯಾನ್ ಮಾಡುವ ಹೊತ್ತೂ ಅದರಲ್ಲೇ ಸೇರಿದೆ. ಪಾರಿವಾಳ ಹುಡುಕುತ್ತಾ ಕೂತರೆ ಅದು ಮುಗಿಯುತ್ತದೆ. ಬಾಯಿ ಸೊಟ್ಟಗಾಯಿತು, ಕೈ ಏಳಲಿಲ್ಲ, ಮಾತು ತೊದಲಿತು ಅಂದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ತಾಯಿಗೆ ಮರೆವಿನ ಕಾಯಿಲೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸ ಔಷಧಿಯ ಅಧ್ಯಯನಕ್ಕೆ ಸೇರಿಸುತ್ತೀರಾ ಅಂತ ಕೇಳಿದ್ದಾರೆ. ಪ್ರಯೋಗದ ಇಲಿ ಮಾಡಿದಂತೆ ಆಗುವುದಿಲ್ಲವೇ? ಅವರಿಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತು. (ಆಳಂದ)

ಈ ಸಲದ ಒಳ್ಳೆಯ ಪ್ರಶ್ನೆ ಇದು. ಮೇಲೆ ನಾನು ಒದರಿದ ಲೆಕ್ಕಗಳೆಲ್ಲ ಯಾರೋ ಹಿರಿಯರು ಒಪ್ಪಿ ಸೇರಿಕೊಂಡಿದ್ದರಿಂದ ಬಂದವು. ಅವರಲ್ಲಿ ನಮ್ಮ ಕಡೆಯವರು ಇಲ್ಲವೇ ಇಲ್ಲ ಅನ್ನಬಹುದು. ಜೋಳ ಉಣ್ಣುವ, ಮೇ ತಿಂಗಳ ಬಿಸಿಲಲ್ಲಿ ಹೊಲಕ್ಕೆ ಹೋಗುವ ಅಜ್ಜನಿಗೆ 120 ಸರಿಯೋ 130 ಸರಿಯೋ ಅಂತ ನಾನು ಈಗಲೂ ಅಂದಾಜಿನಲ್ಲೇ ನಡೆಯುತ್ತೇನೆ. ಹಾಗಾಗಿ ಅಧ್ಯಯನ ಅಂದ ಕೂಡಲೇ ಹೆದರಿ ಓಡಿಹೋಗಬೇಡಿ.

ಹಾಗಂತ ಕಣ್ಣು ಮುಚ್ಚಿ ಸಹಿಯನ್ನೂ ಹಾಕಬೇಡಿ. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಇಂಥ ಅಧ್ಯಯನಗಳನ್ನು ಸರ್ಕಾರದ ಆ ಪಟ್ಟಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ತೆರೆದು ನೋಡಬಹುದು. ತಾಯಿಗೆ ಓದಲು ಬಾರದಿದ್ದರೆ ಕನ್ನಡದಲ್ಲಿ ಓದಿ ಹೇಳುವಾಗ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಲೇಬೇಕು. ಅವರಿಗೆ ವಿಷಯ ತಿಳಿದು ಒಪ್ಪುವಷ್ಟು ಬುದ್ಧಿ ಸ್ಥಿಮಿತ ಇಲ್ಲದಿದ್ದರೆ ಕಾನೂನಿನ ಪ್ರಕಾರ ಅವರ ಪರವಾಗಿ ಮನೆಯವರು ಒಪ್ಪಿಗೆ ಕೊಡಬೇಕಾಗುತ್ತದೆ. ಕಾಗದದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಅದರಲ್ಲಿ ಅಧ್ಯಯನದ ಸರಿತಪ್ಪು ನೋಡುವ ನೀತಿ ಸಮಿತಿಯವರನ್ನು ಸಂಪರ್ಕಿಸುವ ವಿವರ ಇರಬೇಕು. ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಕೊಡಬೇಕು ಅಂತ 2019ರ ನಿಯಮದಲ್ಲೇ ಇದೆ. ನಡುವೆ ಬೇಡ ಅನ್ನಿಸಿದರೆ ಕಾರಣ ಹೇಳದೆ ಹೊರಗೆ ಬರಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಈ ಕಾಗದವನ್ನು ಒಂದು ರಾತ್ರಿ ಮನೆಗೆ ಒಯ್ಯುತ್ತೇವೆ ಅಂತ ಕೇಳಿ ನೋಡಿ. ಆಗಲಿ ಅಂದರೆ ಕೂತು ಮಾತಾಡಿ. ಈಗಲೇ ಹೆಬ್ಬೆಟ್ಟು ಒತ್ತಿಸಿ ಅಂದರೆ, ಅಥವಾ ಹೊಸ ಔಷಧಿಗೆ ನಿಮ್ಮಿಂದಲೇ ದುಡ್ಡು ಕೇಳಿದರೆ, ತಾಯಿಯನ್ನು ಕರೆದುಕೊಂಡು ಎದ್ದು ಬನ್ನಿ.