‘ತಿಳಿಸತಕ್ಕದ್ದು’ ಎಂದು ಬರೆದ ತಪ್ಪು

ನಿಮ್ಮ ಪುರಸಭೆಯೂ ನೆರೆಯ ಮೂರು ಸ್ಥಳೀಯ ಸಂಸ್ಥೆಗಳೂ ಸೇರಿ ವಾಹನ ದಟ್ಟಣೆ ತಗ್ಗಿಸಲು ಒಪ್ಪಂದ ಮಾಡಿಕೊಳ್ಳುತ್ತಿವೆ. ಒಟ್ಟುಗೂಡಿದ ಹಣದಲ್ಲಿ ಮೊದಲು ಯಾವ ರಸ್ತೆಯನ್ನು ಅಗಲಗೊಳಿಸಬೇಕು, ಖರ್ಚನ್ನು ಜನಸಂಖ್ಯೆಯ ಲೆಕ್ಕದಲ್ಲಿ ಹಂಚಬೇಕೋ ರಸ್ತೆಯ ಉದ್ದದ ಲೆಕ್ಕದಲ್ಲಿ ಹಂಚಬೇಕೋ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು, ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ, ನಾನು ಕಡತದ ಟಿಪ್ಪಣಿ ಹಾಳೆಯ ಮೇಲೆ ಬರೆದು ಮೇಲಧಿಕಾರಿಗಳಿಗೆ ಕಳುಹಿಸಿದ್ದೆ. ಆ ಟಿಪ್ಪಣಿಯ ಪ್ರತಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಭೂಬಳಕೆ ಎಂಬ ಪದ ಒಂದೇ ಒಂದು ಸಲ, ಅದೂ ಕೊನೆಯ ಸಾಲಿನಲ್ಲಿ ‘ಇತ್ಯಾದಿ’ಯ ಪಕ್ಕದಲ್ಲಿ ಬರುತ್ತದೆ.

ನಾನು ಆಗ ಒಂದು ನಗರದ ಯೋಜನಾ ವಿಭಾಗದಲ್ಲಿದ್ದೆ. ನಮ್ಮ ನಗರ ದೊಡ್ಡದು. ಹೆದ್ದಾರಿಯ ಉದ್ದಕ್ಕೂ ಒಂದರ ಹಿಂದೊಂದರಂತೆ ಇನ್ನೂ ನಾಲ್ಕು ಸಣ್ಣ ಪುರಸಭೆಗಳು. ಬೆಳಿಗ್ಗೆ ಎಲ್ಲರೂ ನಮ್ಮ ಕಡೆಗೆ ಬರುತ್ತಿದ್ದರು, ಸಂಜೆ ಎಲ್ಲರೂ ಹೊರಕ್ಕೆ ಹೋಗುತ್ತಿದ್ದರು. ಸಿಗ್ನಲ್‌ಗಳು ಐದು ಸಂಸ್ಥೆಗಳ ಕೈಯಲ್ಲಿದ್ದುದರಿಂದ ಒಂದು ಕಡೆ ಹಸಿರು ಬಿದ್ದಾಗ ಮುಂದಿನದು ಕೆಂಪಾಗಿರುತ್ತಿತ್ತು. ಜಂಟಿ ಸಮಿತಿ ರಚನೆಯಾದಾಗ ಒಪ್ಪಂದದ ಕರಡು ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಖರ್ಚಿನ ಹಂಚಿಕೆಯ ಸೂತ್ರಕ್ಕೆ ನಾವು ಏಳು ತಿಂಗಳು ಕಳೆದೆವು: ಜನಸಂಖ್ಯೆ, ರಸ್ತೆಯ ಉದ್ದ, ನೋಂದಾಯಿತ ವಾಹನಗಳ ಸಂಖ್ಯೆ, ಕೊನೆಗೆ ಈ ಮೂರರ ತೂಕದ ಸರಾಸರಿ. ಈಗ ಆ ಏಳು ತಿಂಗಳನ್ನು ನೆನೆದರೆ ನಗು ಬರುತ್ತದೆ, ಏಕೆಂದರೆ ಯಾವ ಸೂತ್ರ ಹಿಡಿದರೂ ಮುಂದೆ ಆಗುವುದು ಅದೇ ಆಗಿತ್ತು.

ಭೂಬಳಕೆಯ ಕಲಮಿಗೆ ನಾವು ಕೊಟ್ಟ ಸಮಯ ಒಂದು ಮಧ್ಯಾಹ್ನ. ನನ್ನ ಮೊದಲ ಕರಡಿನ 17ನೆಯ ಕಲಮು ಹೀಗಿತ್ತು: ‘ಹೆದ್ದಾರಿಯ ಜಂಕ್ಷನ್‌ಗಳ ಸುತ್ತಲಿನ ಜಮೀನಿನ ಬಳಕೆಯನ್ನು ಬದಲಾಯಿಸುವ ಮುನ್ನ ಉಳಿದ ಸಂಸ್ಥೆಗಳ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.’ ಮೂರನೆಯ ಜಂಕ್ಷನ್ ಇದ್ದ ಸಣ್ಣ ಪುರಸಭೆಯ ಅಧ್ಯಕ್ಷೆ ಅದನ್ನು ಓದಿ, ‘ನಮ್ಮ ಊರಿನಲ್ಲಿ ಏನು ಕಟ್ಟಬೇಕೆಂದು ನೀವು ಹೇಳುವುದಾದರೆ ಜನ ನಮ್ಮನ್ನು ಆರಿಸಿದ್ದು ಯಾಕೆ?’ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಉತ್ತರ ಹುಡುಕುವ ಬದಲು ನಾನು ಪ್ರಶ್ನೆಯೇ ಏಳದಂತೆ ಪದ ಬದಲಿಸಿದೆ. ಸಹಿಯ ದಿನ ನಿಗದಿಯಾಗಿತ್ತು, ಎರಡು ಪುರಸಭೆಗಳ ಅವಧಿ ಮುಗಿಯುತ್ತ ಬಂದಿತ್ತು, ಈ ಒಂದು ಕಲಮಿಗಾಗಿ ಇಡೀ ಒಪ್ಪಂದ ಮುರಿದುಬೀಳಬಾರದೆಂಬ ಆತುರ ನನ್ನದಾಗಿತ್ತು. ಹೊಸ ಕಲಮು: ‘ಜಮೀನಿನ ಬಳಕೆಯ ಬದಲಾವಣೆಯನ್ನು ಉಳಿದ ಸಂಸ್ಥೆಗಳಿಗೆ ತಿಳಿಸತಕ್ಕದ್ದು.’ ಐದೂ ಮಂದಿ ಅಂದು ಸಂಜೆಯೇ ತಲೆಯಾಡಿಸಿದರು.

ಈ ಬದಲಾವಣೆಯಲ್ಲಿ ಏನೇನು ಹೋಯಿತೆಂಬುದನ್ನು ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ‘ಒಪ್ಪಿಗೆ’ ಹೋಯಿತೆಂಬುದು ಮೇಲ್ನೋಟಕ್ಕೇ ಕಾಣುತ್ತದೆ; ಅದು ನನಗೂ ಕಂಡಿತ್ತು. ಕಾಣದೆ ಹೋದದ್ದು ‘ಮುನ್ನ’ ಎಂಬ ಪದ. ಒಪ್ಪಿಗೆಯನ್ನು ಮೊದಲೇ ಪಡೆಯಬೇಕಾಗುತ್ತದೆ, ಆದರೆ ತಿಳಿಸುವುದನ್ನು ನಂತರವೂ ತಿಳಿಸಬಹುದು. ಕ್ರಿಯಾಪದ ಬದಲಾದಾಗ ಅದರ ಜೊತೆಗಿದ್ದ ಕಾಲವೂ ಸದ್ದಿಲ್ಲದೆ ಜಾರಿಹೋಯಿತು. ‘ಲಿಖಿತ’ ಎಂಬುದೂ ಹೋದದ್ದರಿಂದ ಏನನ್ನು ತಿಳಿಸಬೇಕು, ನಕ್ಷೆಯನ್ನೋ, ಬರಬಹುದಾದ ವಾಹನಗಳ ಅಂದಾಜನ್ನೋ, ಬರೀ ಠರಾವಿನ ಸಂಖ್ಯೆಯನ್ನೋ ಎಂಬುದು ತಿಳಿಸುವವರಿಗೇ ಬಿಟ್ಟ ವಿಷಯವಾಯಿತು. ಇನ್ನೊಂದು ಕೊರತೆ ಮೊದಲ ಕರಡಿನಲ್ಲೂ ಇತ್ತು: ಎಷ್ಟು ದೊಡ್ಡ ಬದಲಾವಣೆಗೆ ಈ ನಿಯಮ ಎಂಬ ಮಿತಿಯೇ ಇರಲಿಲ್ಲ. ಮನೆಯ ಮುಂದಿನ ಅಂಗಡಿಗೂ ನೂರಾರು ಲಾರಿಗಳ ಗೋದಾಮಿಗೂ ಒಂದೇ ನಿಯಮವಾದರೆ ಯಾವ ಸಂಸ್ಥೆ ತಾನೆ ಒಪ್ಪಿಗೆಯ ಕಲಮಿಗೆ ಸಹಿ ಹಾಕೀತು? ನಾನು ಮಿತಿಯೊಂದನ್ನು ಹಾಕಿದ್ದರೆ ಆ ಅಧ್ಯಕ್ಷೆ ‘ಒಪ್ಪಿಗೆ’ಯನ್ನೇ ಉಳಿಸಲು ಬಿಡುತ್ತಿದ್ದರೇನೋ ಎಂದು ಈಗಲೂ ಅನಿಸುತ್ತದೆ. ನಾನು ಬಿಟ್ಟುಕೊಟ್ಟದ್ದು ಅವರು ಕೇಳಿದ್ದಕ್ಕಿಂತ ಹೆಚ್ಚು.

ರಸ್ತೆ ಅಗಲವಾಯಿತು, ಸಿಗ್ನಲ್‌ಗಳು ಒಂದೇ ನಿಯಂತ್ರಣಕ್ಕೆ ಬಂದವು, ಮೊದಲ ವರ್ಷ ಪ್ರಯಾಣದ ಸಮಯ ನಿಜಕ್ಕೂ ಇಳಿಯಿತು. ನಮ್ಮನ್ನು ಅಭಿನಂದಿಸುವ ಸಭೆಯೂ ನಡೆಯಿತು. ಹದಿನಾಲ್ಕನೆಯ ತಿಂಗಳಲ್ಲಿ ಮೂರನೆಯ ಜಂಕ್ಷನ್ನಿನ ಪುರಸಭೆಯಿಂದ ಒಂದು ಪುಟದ ಪತ್ರ ಬಂತು. ಜಂಕ್ಷನ್ನಿಗೆ ಹೊಂದಿಕೊಂಡ ಕೃಷಿ ಜಮೀನನ್ನು ವಾಣಿಜ್ಯ ವಲಯಕ್ಕೆ ಸೇರಿಸಲಾಗಿದೆ, ಅಲ್ಲಿ ಗೋದಾಮುಗಳಿಗೂ ಮಾರಾಟ ಮಳಿಗೆಗಳಿಗೂ ಅನುಮತಿ ನೀಡಲಾಗಿದೆ, 17ನೆಯ ಕಲಮಿನಂತೆ ಈ ಮೂಲಕ ತಿಳಿಸಲಾಗಿದೆ. ನಮ್ಮ ಕಾನೂನು ಸಲಹೆಗಾರರ ಅಭಿಪ್ರಾಯ ಅದಕ್ಕಿಂತ ಚಿಕ್ಕದಾಗಿತ್ತು: ‘ಅವರು ತಿಳಿಸಿದ್ದಾರೆ.’ ಮೂರು ವರ್ಷ ತುಂಬುವ ಹೊತ್ತಿಗೆ ಹೊಸದಾಗಿ ಸೇರಿಸಿದ ಎರಡು ಪಥಗಳು ಲಾರಿಗಳಿಂದ ತುಂಬಿ, ನಾವು ಆರಂಭಿಸಿದ ಜಾಗಕ್ಕೇ ಬಂದು ನಿಂತಿದ್ದೆವು. ವ್ಯತ್ಯಾಸವೆಂದರೆ ಈಗ ಅಗಲಗೊಳಿಸಲು ಜಾಗ ಉಳಿದಿರಲಿಲ್ಲ.

ಅಗಲಗೊಂಡ ರಸ್ತೆ ಮತ್ತೆ ತುಂಬುತ್ತದೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ದಟ್ಟಣೆಯ ವೇಳೆಯ ಹೆದ್ದಾರಿಗಳ ಬಗ್ಗೆ ಇದನ್ನು ವಾದಿಸಿದ್ದರು: ರಸ್ತೆ ಸುಗಮವಾದ ಕೂಡಲೇ ಬೇರೆ ದಾರಿ ಹಿಡಿದಿದ್ದವರು, ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು, ಬಸ್ಸು ರೈಲುಗಳಲ್ಲಿ ಹೋಗುತ್ತಿದ್ದವರು ಮೂರೂ ಕಡೆಯಿಂದ ಅದೇ ರಸ್ತೆಗೆ ಮರಳುತ್ತಾರೆ. ನಾನು ಈ ಮೂರನ್ನೂ ಲೆಕ್ಕಕ್ಕೆ ಹಿಡಿದು, ಅಷ್ಟಾದರೂ ನಷ್ಟವಿಲ್ಲವೆಂದು ವರದಿ ಬರೆದಿದ್ದೆ. ನಾನು ಹಿಡಿಯದೆ ಬಿಟ್ಟದ್ದು ನಾಲ್ಕನೆಯದನ್ನು: ರಸ್ತೆ ಸುಗಮವಾದರೆ ಅದರ ಬದಿಯ ಜಮೀನಿಗೆ ಬೆಲೆ ಬರುತ್ತದೆ, ಬೆಲೆ ಬಂದ ಜಮೀನು ಬಹುಕಾಲ ಹೊಲವಾಗಿ ಉಳಿಯುವುದಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ, ಪಕ್ಕದ ಸೇವಾ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಷ್ಟು ಅಗಲಗೊಳಿಸಿದರೂ ಕೆಲವೇ ವರ್ಷಗಳಲ್ಲಿ ದಟ್ಟಣೆಯ ವೇಳೆಯ ಪ್ರಯಾಣ ಮತ್ತೆ ದೀರ್ಘವಾಯಿತು. ಅಮೆರಿಕದ ನಗರ ಪ್ರದೇಶಗಳನ್ನು ಅಧ್ಯಯನ ಮಾಡಿದ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ತೀರ್ಮಾನವಂತೂ ಇನ್ನೂ ಕಟುವಾದದ್ದು: ಅಂತರರಾಜ್ಯ ಹೆದ್ದಾರಿಗಳ ಪಥಗಳ ಒಟ್ಟು ಉದ್ದ ಎಷ್ಟು ಪಾಲು ಹೆಚ್ಚುತ್ತದೋ ಅವುಗಳ ಮೇಲಿನ ವಾಹನ ಸಂಚಾರವೂ ಹೆಚ್ಚು ಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ.

ಹಾಗೆಂದು ಆ ಸಣ್ಣ ಪುರಸಭೆಯನ್ನು ದೂರಲು ನನಗೆ ಮನಸ್ಸಾಗುವುದಿಲ್ಲ, ಅವರ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಆ ಅನುಮತಿಗೆ ಸಹಿ ಹಾಕುತ್ತಿದ್ದೆ. ಗೋದಾಮಿನ ಆಸ್ತಿ ತೆರಿಗೆ ಪೂರ್ತಿಯಾಗಿ ಅವರ ಖಜಾನೆಗೆ ಸೇರುತ್ತಿತ್ತು, ಲಾರಿಗಳು ಮಾತ್ರ ಎಲ್ಲರ ರಸ್ತೆಯಲ್ಲಿ ಓಡುತ್ತಿದ್ದವು. ತೆರಿಗೆಗೆ ಗಡಿ ಇರುವಾಗ, ವಾಹನಕ್ಕೆ ಗಡಿ ಇಲ್ಲದಿರುವಾಗ, ಸೌಹಾರ್ದವನ್ನು ನಂಬಿ ಒಪ್ಪಂದ ಬರೆಯುವವನು ತನ್ನ ಕೆಲಸವನ್ನು ಅರ್ಧಕ್ಕೇ ಬಿಟ್ಟಂತೆ.

ಆ ಅಧ್ಯಕ್ಷೆಯ ಪ್ರಶ್ನೆಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಬೇರೆ ಕಡೆ ಬಹಳ ಹಿಂದೆಯೇ ಕಾನೂನಾಗಿತ್ತು. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಪ್ರದೇಶಕ್ಕಾಗಿ ಅಮೆರಿಕದ ಮಿನ್ನೆಸೋಟ ರಾಜ್ಯ 1971ರಲ್ಲಿ ಒಂದು ಕಾಯ್ದೆ ಮಾಡಿತು. ಅದರಂತೆ ಏಳು ಕೌಂಟಿಗಳ (ಅಲ್ಲಿನ ಜಿಲ್ಲೆಗಳ) ವ್ಯಾಪ್ತಿಯ ಪ್ರತಿ ಸ್ಥಳೀಯ ಸಂಸ್ಥೆಯೂ, ಆ ವರ್ಷದಿಂದೀಚೆಗೆ ತನ್ನಲ್ಲಿ ಹೆಚ್ಚಿದ ವಾಣಿಜ್ಯ ಮತ್ತು ಕೈಗಾರಿಕಾ ಆಸ್ತಿಯ ತೆರಿಗೆ ಮೂಲದ, ಅಂದರೆ ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯದ, ಶೇಕಡ 40ರಷ್ಟನ್ನು ಒಂದು ಸಾಮಾನ್ಯ ನಿಧಿಗೆ ಬಿಟ್ಟುಕೊಡುತ್ತದೆ. ಆ ನಿಧಿ ಜನಸಂಖ್ಯೆಯನ್ನೂ ಆಯಾ ಊರಿನ ಆಸ್ತಿ ಮೌಲ್ಯವನ್ನೂ ನೋಡಿ ಮರುಹಂಚಿಕೆಯಾಗುತ್ತದೆ, ಕಡಿಮೆ ಆಸ್ತಿಯಿರುವ ಊರಿಗೆ ಹೆಚ್ಚು ಪಾಲು ಸಿಗುತ್ತದೆ. ಯಾರ ಊರಿನಲ್ಲಿ ಏನು ಕಟ್ಟಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಗೋದಾಮು ಪಕ್ಕದ ಊರಿಗೆ ಹೋದರೂ ನಮಗೆ ಪೂರ್ತಿ ನಷ್ಟವಿಲ್ಲ ಎಂಬಂತೆ ಮಾಡಿ ಆಸೆಯ ಕಾವನ್ನು ತಗ್ಗಿಸುತ್ತದೆ, ಅಷ್ಟೆ. ಇದು ನನಗೆ ಗೊತ್ತಾದದ್ದು ಪತ್ರ ಬಂದ ಮೇಲೆ.

ನಾವು ಎರಡನೆಯ ಸಲ ಮಾತುಕತೆಗೆ ಕೂತೆವು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು, ಕಾರಣ ಸರಳ: ರಸ್ತೆ ಮುಗಿದುಹೋಗಿತ್ತು. ಮೊದಲ ಸಲ ಹೆಚ್ಚಿನ ಹಣ ನಮ್ಮದಾಗಿತ್ತು, ಆ ಹಣ ಬಿಡುಗಡೆಯಾಗಬೇಕೆಂದು ಎಲ್ಲರೂ ಕಾಯುತ್ತಿದ್ದರು, ಏನನ್ನು ಕೇಳಿದರೂ ಕಿವಿಗೊಡುತ್ತಿದ್ದರು. ಎರಡನೆಯ ಸಲ ನಮ್ಮ ಕೈಯಲ್ಲಿದ್ದದ್ದು ಬರೀ ದೂರು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ನೇರವಾದ ಉತ್ತರ: ಯಾವ ರಸ್ತೆಯನ್ನೂ ಮೊದಲು ಅಗಲಗೊಳಿಸಬೇಡಿ. ಜಂಕ್ಷನ್‌ಗಳ ಸುತ್ತಲಿನ ಭೂಬಳಕೆಯ ನಕ್ಷೆಗೆ ನಾಲ್ಕೂ ಸಂಸ್ಥೆಗಳ ಸಹಿ ಬೀಳುವವರೆಗೆ ನಿಮ್ಮ ಪಾಲಿನ ಹಣವನ್ನು ಕೊಡಬೇಡಿ. ಖರ್ಚಿನ ಸೂತ್ರದ ವಿಷಯದಲ್ಲಿ ಅವರು ಕೇಳಿದ್ದಕ್ಕೆ ಒಪ್ಪಿಬಿಡಿ. ಅಲ್ಲಿ ತೋರುವ ಉದಾರತೆಯನ್ನೇ ನಕ್ಷೆಯ ಮೇಲೆ ವಸೂಲು ಮಾಡಿಕೊಳ್ಳಬಹುದು. ನಕ್ಷೆಯಲ್ಲಿ ಎಲ್ಲವನ್ನೂ ಹಿಡಿದಿಡಲು ಹೋಗದೆ, ಹೆಚ್ಚು ವಾಹನಗಳನ್ನು ಎಳೆಯುವ ಕಟ್ಟಡಗಳು ಎಲ್ಲಿ ಬರಬಹುದೆಂಬುದನ್ನು ಮಾತ್ರ ಗಟ್ಟಿಮಾಡಿಕೊಳ್ಳಿ. ಕೋಪನ್‌ಹೇಗನ್ ಪ್ರದೇಶದಲ್ಲಿ 1947ರ ‘ಬೆರಳು ಯೋಜನೆ’ಯ ಕಾಲದಿಂದ ನಗರದ ಬೆಳವಣಿಗೆ ರೈಲು ಮಾರ್ಗಗಳ ಗುಂಟ ಸಾಗಬೇಕೆಂಬ ತತ್ವ ಬೇರೂರಿದೆ, ಅಲ್ಲಿ ದೊಡ್ಡ ಕಚೇರಿಗಳು ಸಾಮಾನ್ಯವಾಗಿ ನಿಲ್ದಾಣದಿಂದ 600 ಮೀಟರ್ ನಡಿಗೆಯ ಒಳಗೆ ಇರಬೇಕೆಂಬ ನಿಯಮವೂ ಇದೆ. ಸಣ್ಣ ಅಂಗಡಿಯ ತಂಟೆಗೆ ಹೋಗದೆ ದೊಡ್ಡದನ್ನು ಮಾತ್ರ ಹಿಡಿಯುವುದು ಆ ನಿಯಮದ ಜಾಣತನ, ನನ್ನ ಮೊದಲ ಕರಡಿನಲ್ಲಿ ಇರಲಿಲ್ಲವೆಂದು ಹೇಳಿದ ಮಿತಿಯೂ ಅದೇ.

ಇಡೀ ಪ್ರದೇಶಕ್ಕೆ ಅಧಿಕಾರವುಳ್ಳ ಒಂದೇ ಪ್ರಾಧಿಕಾರ ಬರುವವರೆಗೆ ಕಾಯುವುದು ಒಳ್ಳೆಯದೇ ಎಂದೂ ನೀವು ಬರೆದಿದ್ದೀರಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಮೂರು ಕೌಂಟಿಗಳ ನಗರ ಪ್ರದೇಶಕ್ಕೆ ಮತದಾರರೇ ಆರಿಸುವ ಪ್ರಾದೇಶಿಕ ಸಂಸ್ಥೆ ಇದೆ, ನಗರದ ಬೆಳವಣಿಗೆಯ ಗಡಿಯನ್ನು ಕಾಯುವುದು ಅದರ ಕೆಲಸ. ಅದಕ್ಕೆ ರಾಜ್ಯದ ಕಾನೂನೂ 1978ರ ಮತದಾನವೂ ಬೇಕಾದವು. ನಿಮಗೆ ಅಂಥದ್ದು ದಕ್ಕುವುದಾದರೆ ಸಂತೋಷ, ಆದರೆ ಅದನ್ನು ಕಾಯುತ್ತ ಕೂತರೆ ಅಷ್ಟರಲ್ಲಿ ಜಮೀನು ಕೈತಪ್ಪಿರುತ್ತದೆ. ಅಧಿಕಾರವಿಲ್ಲದ ಪ್ರಾಧಿಕಾರವಂತೂ ಬೇಡವೇ ಬೇಡ. ಅಮೆರಿಕದಲ್ಲಿ 1962ರ ಹೆದ್ದಾರಿ ಕಾಯ್ದೆ 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳಲ್ಲಿ ಕೇಂದ್ರದ ಹೆದ್ದಾರಿ ಹಣಕ್ಕೆ ಒಟ್ಟಾರೆ ಸಾರಿಗೆ ಯೋಜನೆಯನ್ನು ಕಡ್ಡಾಯಗೊಳಿಸಿತು. ಮುಂದೆ ಅದಕ್ಕಾಗಿ ಬೆಳೆದ ಪ್ರಾದೇಶಿಕ ಸಂಸ್ಥೆಗಳು ರಸ್ತೆಯ ಪಟ್ಟಿ ಮಾಡುತ್ತವೆ, ಭೂಬಳಕೆ ಬಹುಪಾಲು ಊರೂರಿನ ಕೈಯಲ್ಲೇ ಇದೆ. ಅದು ನಮ್ಮ 17ನೆಯ ಕಲಮಿನ ದೊಡ್ಡ ಪ್ರತಿ ಎಂದು ನನಗೆ ಅನಿಸಿದ್ದುಂಟು.

ಜಂಟಿ ಬಸ್ ಟಿಕೆಟ್ಟಿನ ಬಗ್ಗೆ ಕೇಳಿದ್ದೀರಿ. ಮಾಡಿ, ಹ್ಯಾಂಬರ್ಗಿನವರು 1965ರಲ್ಲೇ ಬೇರೆ ಬೇರೆ ಸಾರಿಗೆ ಸಂಸ್ಥೆಗಳನ್ನು ಒಂದು ಒಕ್ಕೂಟಕ್ಕೆ ತಂದು ತೋರಿಸಿದ್ದಾರೆ. ದಟ್ಟಣೆ ಶುಲ್ಕವನ್ನು, ಅಂದರೆ ನಗರದ ದಟ್ಟಣೆಯ ಭಾಗದ ಗೆರೆ ದಾಟುವ ವಾಹನಗಳಿಂದ ಪಡೆಯುವ ಹಣವನ್ನು, ಮಾತ್ರ ನೆರೆಯವರಿಗೆ ಏನು ಸಿಗುತ್ತದೆಂದು ಹೇಳದೆ ಪ್ರಸ್ತಾಪಿಸಬೇಡಿ. ಸ್ಟಾಕ್‌ಹೋಮಿನಲ್ಲಿ 2006ರ ಪ್ರಯೋಗದಲ್ಲಿ ಶುಲ್ಕದ ಗೆರೆ ದಾಟುವ ವಾಹನಗಳು ಸುಮಾರು ಐದನೆಯ ಒಂದು ಪಾಲು ಇಳಿದವು, ನಗರದ ಮತದಾರರು ಶುಲ್ಕಕ್ಕೆ ಒಪ್ಪಿದರು, ಆದರೆ ತಾವಾಗಿ ಮತದಾನ ನಡೆಸಿದ ನೆರೆಯ ಪುರಸಭೆಗಳಲ್ಲಿ ಒಟ್ಟಾರೆ ವಿರೋಧವೇ ಮೇಲಾಯಿತು. 2007ರಲ್ಲಿ ಶುಲ್ಕ ಕಾಯಂ ಆದಾಗ ಅದರ ಆದಾಯವನ್ನು ಆ ಪ್ರದೇಶದ ರಸ್ತೆಗಳಿಗೆ ಮೀಸಲಿಡಲಾಯಿತು. ನೆರೆಯವರು ತಮ್ಮ ಪಾಲು ಕೇಳುವುದನ್ನು ಸ್ವಾರ್ಥವೆಂದು ಕರೆಯುವವರನ್ನು ಸಮಿತಿಯಲ್ಲಿ ದೂರವಿಡಿ.

ನಮ್ಮ ಎರಡನೆಯ ಒಪ್ಪಂದದಲ್ಲಿ ದಿನಕ್ಕೆ ಇಷ್ಟು ವಾಹನಗಳಿಗಿಂತ ಹೆಚ್ಚು ಬರುವ ಯೋಜನೆ ಎಂಬ ಮಿತಿ ಇದೆ, ಅನುಮತಿಗೆ ಅರವತ್ತು ದಿನ ಮುನ್ನ ಪತ್ರ ಬರಬೇಕೆಂಬ ಮಾತಿದೆ, ಆಕ್ಷೇಪಣೆ ಬಂದರೆ ಜಂಟಿ ಸಮಿತಿಯ ತೀರ್ಮಾನದವರೆಗೆ ಅನುಮತಿ ತಡೆಹಿಡಿಯಬೇಕೆಂದಿದೆ, ಹೊಸ ವಾಣಿಜ್ಯ ಕಟ್ಟಡಗಳ ತೆರಿಗೆಯಲ್ಲಿ ಒಂದು ಪಾಲು ಐವರಿಗೂ ಹಂಚಿಕೆಯಾಗುತ್ತದೆ. ಅಧ್ಯಕ್ಷೆ ಈ ಸಲವೂ ಅದೇ ಪ್ರಶ್ನೆ ಕೇಳಿದರು. ತೆರಿಗೆಯ ಕಲಮನ್ನು ಎರಡು ಸಲ ಓದಿ, ಉಳಿದ ಜಂಕ್ಷನ್‌ಗಳಿಂದ ತಮ್ಮ ಊರಿಗೆ ಬರುವ ಪಾಲನ್ನು ಕಾಗದದ ಅಂಚಿನಲ್ಲಿ ಲೆಕ್ಕಹಾಕಿ ಸಹಿ ಮಾಡಿದರು. ಮೂರನೆಯ ಜಂಕ್ಷನ್ನಿನ ಗೋದಾಮುಗಳಿಗೆ ಇದಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಈಗಲೂ ಬೆಳಗಿನ ಹೊತ್ತು ಮೂರು ಸಲ ಹಸಿರು ಬಿದ್ದ ಮೇಲೆಯೇ ದಾಟಲು ಸಾಧ್ಯ.

ನಿಮ್ಮ ಕರಡಿನಲ್ಲಿ ಭೂಬಳಕೆಯ ಕಲಮು ಎಷ್ಟನೆಯದು, ಅದರ ಕ್ರಿಯಾಪದ ಯಾವುದು ಎಂಬುದನ್ನು ಇಲ್ಲಿ ಬರೆದರೆ ನಾನು ಓದಿ ಹೇಳಬಲ್ಲೆ. ಸಹಿಗೆ ಮುನ್ನ ಬರೆಯಿರಿ.