‘ಠುಸ್ ಪಟಾಕಿ’ ಅಂದರೇನು? ಯಾವಾಗ ಬಳಸಬೇಕು?

ಭಾರೀ ಸದ್ದು ಬರುತ್ತದೆಂದು ಎಲ್ಲರೂ ಕಿವಿ ಮುಚ್ಚಿ ನಿಂತಾಗ ‘ಠುಸ್’ ಎಂದು ಹೊಗೆಬಿಟ್ಟು ಸುಮ್ಮನಾಗುವ ಪಟಾಕಿಯೇ ಠುಸ್ ಪಟಾಕಿ. ಪಟಾಕಿ ಸಿಡಿಯುವುದು ಮದ್ದು ಉರಿಯುವುದರಿಂದಷ್ಟೇ ಅಲ್ಲ. ಬಿಗಿಯಾಗಿ ಸುತ್ತಿದ ಕಾಗದದೊಳಗೆ ಅನಿಲದ ಒತ್ತಡ ಏರಿ ಒಮ್ಮೆಲೇ ಒಡೆಯುವುದರಿಂದ. ಸುತ್ತು ಸಡಿಲವಾದರೆ ಅನಿಲ ಸಂದಿಯಿಂದ ಸೋರುತ್ತದೆ, ಮದ್ದು ತೇವ ಹಿಡಿದರೆ ನಿಧಾನ ಉರಿಯುತ್ತದೆ.

ಮಾತಿನಲ್ಲಿ ಬಳಸುವಾಗ ಒಂದು ಸೂಕ್ಷ್ಮವಿದೆ: ಮೊದಲು ಅಬ್ಬರ ಇರಲೇಬೇಕು. ‘ನಾಳೆ ಬಾಂಬ್ ಸಿಡಿಸ್ತೀನಿ’ ಎಂದ ರಾಜಕಾರಣಿಯ ಪತ್ರಿಕಾಗೋಷ್ಠಿಯಲ್ಲಿ ಹೊಸದೇನೂ ಇಲ್ಲದಿದ್ದರೆ ಅದು ಠುಸ್ ಪಟಾಕಿ. ಸದ್ದಿಲ್ಲದೆ ಬಂದು ಸೋತ ಸಿನಿಮಾ ಠುಸ್ ಪಟಾಕಿ ಅಲ್ಲ, ಅದು ಬರೀ ಸೋಲು. ‘ಠುಸ್ ಆಯ್ತು’ ಎಂದೂ ಹೇಳುತ್ತಾರೆ. ಇದು ಆಡುಮಾತು; ಅರ್ಜಿ, ವರದಿಗಳಿಗೆ ಹೊಂದದು.

(ನಿಜವಾದ ಠುಸ್ ಪಟಾಕಿಯನ್ನು ಮಾತ್ರ ಬಗ್ಗಿ ನೋಡಬೇಡಿ. ಒಳಗೆ ಕಿಡಿ ಉಳಿದಿರಬಹುದು. ಸ್ವಲ್ಪ ಹೊತ್ತು ಬಿಟ್ಟು ದೂರದಿಂದಲೇ ನೀರು ಎರಚಿ.)